ಮೆಜೆಸ್ಟಿಕ್ಕಿನಲ್ಲಿ ಇಳಿದವರಿಗೆ ಸೂರು ಕೊಟ್ಟ ಗುಬ್ಬಿ ತೋಟದಪ್ಪ

ನೆಲಮಂಗಲದಿಂದಾಗಲಿ ದೊಡ್ಡಬಳ್ಳಾಪುರದಿಂದಾಗಲಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವವರಿಗೆ ಗುಬ್ಬಿ ತೋಟದಪ್ಪ ರಸ್ತೆ ಹೊಸದೇನಲ್ಲ. ರೈಲು ಹಿಡಿಯುವ ಆತುರದಲ್ಲಿ ದಿನಾ ಸಾವಿರಾರು ಮಂದಿ ಆ ರಸ್ತೆ ದಾಟುತ್ತಾರೆ. ತೋಟದಪ್ಪನ ಛತ್ರ ಎಲ್ಲಿ ಅಂತ ಕೇಳಿದರೆ ಯಾರಾದರೂ ಕೈ ತೋರಿಸಿಯಾರು. ಆದರೆ ಈ ತೋಟದಪ್ಪ ಯಾರು, ಛತ್ರವನ್ನು ಅಲ್ಲೇ ಏಕೆ ಕಟ್ಟಿಸಿದರು ಅಂತ ಕೇಳಿದರೆ ಹೇಳುವವರು ಕಡಿಮೆ.

ಅವರು ರಾಜರಲ್ಲ, ದಿವಾನರಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ವರ್ತಕರು. ಅಂಗಡಿ ಇಟ್ಟವರೆಲ್ಲ ಅವರ ಬಾಳಿನ ಲೆಕ್ಕವನ್ನು ಒಮ್ಮೆ ನೋಡಬೇಕು.

ಗುಬ್ಬಿಯಿಂದ ಮಾಮೂಲ್‌ಪೇಟೆಗೆ

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ, ವೀರಶೈವ ಮನೆತನದಲ್ಲಿ. ಗುಬ್ಬಿ ಎಂದರೆ ಇಂದಿನವರಿಗೆ ಮೊದಲು ನೆನಪಾಗುವುದು ಗುಬ್ಬಿ ವೀರಣ್ಣನವರ ನಾಟಕ ಕಂಪನಿ. ಅದಕ್ಕೂ ಹಿಂದಿನಿಂದಲೇ ಅದು ವ್ಯಾಪಾರದ ಊರು. ಅಡಿಕೆ, ತೆಂಗು ಬೆಳೆಯುವ ಸೀಮೆ. ಸಂತೆ, ದಲ್ಲಾಳಿ, ತೂಕದ ಮಾತು ಅಲ್ಲಿನ ಮಕ್ಕಳ ಕಿವಿಗೆ ಎಳವೆಯಿಂದಲೇ ಬೀಳುತ್ತಿತ್ತು.

ಮುಂದೆ ಈ ಮನೆತನ ಬೆಂಗಳೂರಿಗೆ ಬಂತು. ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಹಿಡಿಯಿತು. ಆಗಿನ ಬೆಂಗಳೂರು ಎರಡು ಊರಿದ್ದ ಹಾಗೆ. ಒಂದು ಕಡೆ ಬಿಳಿಯರ ದಂಡು, ಇನ್ನೊಂದು ಕಡೆ ಕೆಂಪೇಗೌಡರ ಕಾಲದಿಂದ ಬಂದ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಅಂತ ಒಂದೊಂದು ಸರಕಿಗೂ ಕಸುಬಿಗೂ ಒಂದೊಂದು ಬೀದಿ. ಗುಬ್ಬಿಯಿಂದ ಬಂದವರು ಆ ಇಕ್ಕಟ್ಟಿನ ನಡುವೆ ಕೂತು ವ್ಯಾಪಾರ ಬೆಳೆಸಿದರು, ಆಸ್ತಿಯನ್ನೂ ಮಾಡಿದರು.

ಅವರ ನಡುವಯಸ್ಸಿನಲ್ಲಿ ಮೈಸೂರು ಸೀಮೆ ಕಂಡ ಮಹಾ ಕ್ಷಾಮ ಬಂತು. 1876ರಿಂದ 78ರವರೆಗೆ ಮಳೆ ಕೈಕೊಟ್ಟು ಲಕ್ಷಗಟ್ಟಲೆ ಜನ ಸತ್ತರು. ಹಳ್ಳಿಗಳು ಖಾಲಿಯಾಗಿ ಜನ ಗಂಜಿ ಕೇಂದ್ರಗಳ ದಾರಿ ಹಿಡಿದರು. ಆಗ ತೋಟದಪ್ಪನವರಿಗೆ ನಲವತ್ತರ ಆಸುಪಾಸು. ಊರು ಬಿಟ್ಟು ಬಂದವನಿಗೆ ಒಂದು ಹಿಡಿ ಅನ್ನ, ಒಂದು ರಾತ್ರಿಯ ಸೂರು ಎಂದರೆ ಏನು ಅನ್ನೋದನ್ನು ಆ ತಲೆಮಾರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಧರ್ಮ ಮಾಡುವುದು ಪೇಟೆಯವರ ವಾಡಿಕೆ

ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೆ ಬಿಡುವುದು ಆಗಿನ ವರ್ತಕರಲ್ಲಿ ಇದ್ದದ್ದೇ. ಹೊಸಕೋಟೆ ಬಸ್ಸಿನಲ್ಲಿ ಓಡಾಡುವವರು ಕೆ.ಆರ್. ಪುರ ದಾಟಿದ ಮೇಲೆ ಹಳೇ ಮದ್ರಾಸ್ ರಸ್ತೆಯ ಮಗ್ಗುಲಲ್ಲಿ ದೊಡ್ಡ ಕೆರೆ ನೋಡಿರುತ್ತಾರೆ. ಅದು ಎಲೆ ಮಲ್ಲಪ್ಪಶೆಟ್ಟಿ ಕೆರೆ. ವೀಳ್ಯದೆಲೆ ವ್ಯಾಪಾರದಲ್ಲಿ ದುಡ್ಡು ಕಂಡ ಮಲ್ಲಪ್ಪಶೆಟ್ಟರು ಬರದ ಬವಣೆ ನೋಡಲಾರದೆ ಕಟ್ಟಿಸಿದ್ದು. ಅವರ ಅಂಗಡಿಯ ಎಲೆಯೇ ಅವರ ಹೆಸರಿಗೂ ಕೆರೆಯ ಹೆಸರಿಗೂ ಅಂಟಿಕೊಂಡಿತು.

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಅಂಥವರ ಆಸ್ತಿಗೆ ದತ್ತು ಮಕ್ಕಳೋ ದಾಯಾದಿಗಳೋ ವಾರಸುದಾರರಾಗುವುದು ಲೋಕರೂಢಿ. ಆಮೇಲೆ ಪಾಲು, ವ್ಯಾಜ್ಯ, ಕೋರ್ಟು ಕಚೇರಿ. ಇವರು ಹಿಡಿದ ದಾರಿ ಬೇರೆ. ತಮ್ಮ ಆಸ್ತಿಯನ್ನು ದಾರಿಹೋಕರಿಗೂ ಓದುವ ಹುಡುಗರಿಗೂ ಬಿಡುವುದೆಂದು ತೀರ್ಮಾನಿಸಿದರು.

ಜಾಗ ಆರಿಸಿದ ಜಾಣತನ

ಇಲ್ಲಿ ಕಾಣುವುದು ವ್ಯಾಪಾರಿಯ ಬುದ್ಧಿ. ಅಂಗಡಿ ಇಡುವವನು ಮೊದಲು ನೋಡುವುದು ಜಾಗವನ್ನು. ಜನ ಎಲ್ಲಿ ಓಡಾಡುತ್ತಾರೋ ಅಲ್ಲಿ ಅಂಗಡಿ. ಛತ್ರಕ್ಕೂ ತೋಟದಪ್ಪನವರು ಅದೇ ಲೆಕ್ಕ ಹಾಕಿದರು.

ಹಿಂದೆ ಛತ್ರಗಳು ಇರುತ್ತಿದ್ದುದು ಗಾಡಿ ದಾರಿಯಲ್ಲಿ, ದೇವಸ್ಥಾನದ ಮಗ್ಗುಲಲ್ಲಿ, ಕೆರೆ ದಂಡೆಯಲ್ಲಿ. ಆದರೆ ಕಾಲ ಬದಲಾಗಿತ್ತು. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡಿತು. 1884ರಲ್ಲಿ ಈಗಿನ ನೆಲಮಂಗಲ ತಾಲ್ಲೂಕಿನ ಮೂಲಕ ಹಾದು ತುಮಕೂರು ಮುಟ್ಟಿತು. 1890ರ ದಶಕದಲ್ಲಿ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೂ ಹಳಿ ಬಿತ್ತು. ಗಾಡಿ ಕಟ್ಟಿಕೊಂಡು ದಿನಗಟ್ಟಲೆ ಬರುತ್ತಿದ್ದವರು ರೈಲಿನಲ್ಲಿ ಗಂಟೆಗಳಲ್ಲಿ ಬಂದು ಇಳಿಯತೊಡಗಿದರು. ಕಚೇರಿ ಕೆಲಸಕ್ಕೆ ಬಂದ ರೈತ, ಸರಕು ಕೊಳ್ಳಲು ಬಂದ ಸಣ್ಣ ಅಂಗಡಿಯವ, ಕಾಲೇಜು ಸೇರಲು ಬಂದ ಹುಡುಗ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆದ ಮೇಲೆ ರೋಗಿಯನ್ನು ಕರೆತಂದ ಮನೆಯವರು, ಎಲ್ಲರೂ ಇಳಿಯುವುದು ಒಂದೇ ಕಡೆ. ಇಳಿದ ಮೇಲೆ ರಾತ್ರಿ ಎಲ್ಲಿ ತಂಗೋದು?

ಬೀದಿಗೊಂದು ಲಾಡ್ಜು ಇದ್ದ ಕಾಲವಲ್ಲ ಅದು. ಕಂಡ ಕಡೆ ಉಣ್ಣುವ ರೂಢಿಯೂ ಇರಲಿಲ್ಲ. ಹೆಚ್ಚಿನವರು ಬುತ್ತಿ ಕಟ್ಟಿಕೊಂಡೇ ಬರುವವರು, ಇಲ್ಲವೇ ಅಕ್ಕಿ ಬೇಳೆ ತಂದು ತಾವೇ ಬೇಯಿಸಿಕೊಳ್ಳುವವರು. ಗಂಟು ಮೂಟೆ ಇಳಿಸಲು ಒಂದು ಜಗಲಿ, ನೀರು, ಒಲೆ ಹಚ್ಚಲು ಒಂದು ಮೂಲೆ ಸಿಕ್ಕರೆ ಅದೇ ದೊಡ್ಡ ಉಪಕಾರ. ನೆಂಟರಿಷ್ಟರಿಲ್ಲದ ಊರಿಗೆ ಬಂದವನಿಗೆ ಛತ್ರವೇ ನೆಂಟರ ಮನೆ.

1897ರಲ್ಲಿ ತೋಟದಪ್ಪನವರು ಸಿಟಿ ರೈಲ್ವೆ ಸ್ಟೇಷನ್ ಹತ್ತಿರವೇ ರೈಲ್ವೆಯವರಿಂದ ಎರಡೂವರೆ ಎಕರೆ ಜಾಗ ಕೊಂಡರು. ಕೊಟ್ಟ ಬೆಲೆ 10,000 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಎದುರಿಗೆ ಧರ್ಮಾಂಬುಧಿ ಕೆರೆಯ ಬಯಲು. ಮುಂದೆ ಅದೇ ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು. ರೈಲಿಗೆಂದು ಆರಿಸಿದ ಜಾಗಕ್ಕೆ ಬಸ್ಸೂ ತಾನಾಗಿಯೇ ಬಂದು ಸೇರಿತು!

ಪ್ಲೇಗಿನ ಮಧ್ಯೆ ಎದ್ದ ಕಟ್ಟಡ

ಜಾಗ ಕೊಂಡ ಮರುವರ್ಷ, 1898ರ ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದೂ ರೈಲಿನ ದಾರಿಯಲ್ಲೇ. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಹೆಣದ ಮೇಲೆ ಹೆಣ ಬಿತ್ತು. ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅಂಗಡಿ ಬಾಗಿಲು ಮುಚ್ಚಿತು, ವ್ಯಾಪಾರ ನೆಲ ಕಚ್ಚಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಹೆದರಿಕೆಯ ದಿನಗಳಲ್ಲೇ.

ಇಂಥ ಹೊತ್ತಿನಲ್ಲಿ ಹೊರಗಿನಿಂದ ಬರುವವರಿಗೆ ತಂಗುದಾಣ ಎಂದರೆ ಜನ ಹುಬ್ಬೇರಿಸುವ ಮಾತು. ಆದರೂ ಕೆಲಸ ನಿಲ್ಲಲಿಲ್ಲ. 1903ರ ಫೆಬ್ರವರಿಯಲ್ಲಿ ಛತ್ರ ಸಿದ್ಧವಾಯಿತು. ಪ್ರಾರಂಭೋತ್ಸವ ಮಾಡಿದವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಅವರು ರಾಜ್ಯಭಾರ ವಹಿಸಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ, ವಯಸ್ಸು 18. ಛತ್ರ ಕಟ್ಟಿಸಿದ ವರ್ತಕರಿಗೆ ಅರವತ್ತು ದಾಟಿತ್ತು.

ಛತ್ರದ ಬಾಗಿಲು ಬರುವ ಪ್ರಯಾಣಿಕರಿಗೆಲ್ಲ, ಜಾತಿ ಮತ ಕೇಳದೆ. ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು. ಹಳ್ಳಿಗಳಿಂದ ಓದಲು ಬರುವ ವೀರಶೈವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ಅದು ತಮ್ಮ ಸಮಾಜದವರಿಗೆ ಮಾತ್ರ ಏಕೆ ಅಂತ ಇಂದಿನವರು ಕೇಳಬಹುದು, ಕೇಳುವುದು ನ್ಯಾಯವೇ. ಆದರೆ ಆ ಕಾಲದಲ್ಲಿ ಒಂದೊಂದು ಸಮಾಜವೂ ತನ್ನ ಹಳ್ಳಿ ಹುಡುಗರಿಗೆ ಓದಿನ ದಾರಿ ಹುಡುಕುತ್ತಿತ್ತು. ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ ಹೊತ್ತಿನಲ್ಲಿ, 1906ರಲ್ಲಿ. ತಂಗುವ ಸೂರು ಎಲ್ಲರಿಗೆ, ಓದುವ ಸೂರು ತಮ್ಮವರಿಗೆ ಎಂಬುದು ತೋಟದಪ್ಪನವರು ಮಾಡಿದ ಪಾಲು.

ಬಿರುದು ಬಂತು, ಲೆಕ್ಕವೂ ಚುಕ್ತಾ ಆಯಿತು

1905ರಲ್ಲಿ ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದು ಕೊಟ್ಟರು. 1910ರಲ್ಲಿ ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಬಂತು. ಆದರೆ ಅದನ್ನು ಇಟ್ಟುಕೊಂಡು ಮೆರೆಯುವಷ್ಟು ಆಯುಸ್ಸು ಉಳಿದಿರಲಿಲ್ಲ. ಅದೇ 1910ರ ಫೆಬ್ರವರಿ 21ರಂದು ತೋಟದಪ್ಪನವರು ತೀರಿಕೊಂಡರು.

ಹೋಗುವ ಮುನ್ನ ಒಂದು ಕೆಲಸ ಮುಗಿಸಿದ್ದರು. ಇಡೀ ವ್ಯವಸ್ಥೆಯನ್ನು ಒಂದು ಧರ್ಮಸಂಸ್ಥೆಯ ವಶಕ್ಕೆ ಕೊಟ್ಟು, ಅದರ ಮೊದಲ ಅಧ್ಯಕ್ಷರಾಗಿ ಕೆ.ಪಿ. ಪುಟ್ಟಣ್ಣಶೆಟ್ಟರನ್ನು ನೇಮಿಸಿದ್ದರು. ಸರ್ಕಾರಿ ಆಡಳಿತದಲ್ಲಿ ನುರಿತು, ಬೆಂಗಳೂರು ನಗರ ಪುರಸಭೆಯ ಅಧ್ಯಕ್ಷತೆಯನ್ನೂ ವಹಿಸಿದ ಪುಟ್ಟಣ್ಣಶೆಟ್ಟರು ಇವರೇ. ಟೌನ್ ಹಾಲಿಗೆ ಇರುವುದೂ ಅವರ ಹೆಸರೇ.

ಕಟ್ಟಡ ಕಟ್ಟಿಸುವುದಕ್ಕಿಂತ ಇದೇ ಕಷ್ಟದ ಕೆಲಸ. ಕಟ್ಟಿಸಿದವರು ಕಣ್ಣು ಮುಚ್ಚಿದ ಮೇಲೆ ಎಷ್ಟು ಛತ್ರಗಳು ಹಾಳು ಬಿದ್ದಿಲ್ಲ? ಎಷ್ಟು ಅರವಟ್ಟಿಗೆಗಳ ಗಡಿಗೆ ಒಡೆದಿಲ್ಲ? ಎಷ್ಟು ದತ್ತಿ ಜಮೀನು ಕಂಡವರ ಪಹಣಿಗೆ ಸೇರಿಲ್ಲ? ಅಡಿಗಲ್ಲಿನಲ್ಲಿ ಹೆಸರು ಇರುತ್ತದೆ, ಒಳಗೆ ದೀಪ ಇರುವುದಿಲ್ಲ. ದಾನಕ್ಕೂ ಒಂದು ಆಡಳಿತ ಬೇಕು, ತಾವಿಲ್ಲದಾಗ ಲೆಕ್ಕ ಕೇಳುವವರು ಬೇಕು ಎಂಬುದು ಮಾಮೂಲ್‌ಪೇಟೆಯ ವರ್ತಕರಿಗೆ ಗೊತ್ತಿತ್ತು. ಅದಕ್ಕೇ ಅವರ ಛತ್ರ ಅವರೊಂದಿಗೆ ಮುಗಿಯಲಿಲ್ಲ.

ಆ ಸೂರಿನಡಿ ಓದಿದ ಹುಡುಗ

ತೋಟದಪ್ಪನವರು ಹೋಗಿ ಹದಿನೇಳು ವರ್ಷವಾದ ಮೇಲೆ, 1927ರಲ್ಲಿ, ಮಾಗಡಿ ತಾಲ್ಲೂಕಿನ ವೀರಾಪುರದ ಹುಡುಗನೊಬ್ಬ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ. ಹೆಸರು ಶಿವಣ್ಣ. ಬೆಂಗಳೂರಿನಲ್ಲಿ ಅವನಿಗೆ ನೆಲೆ ಕೊಟ್ಟದ್ದು ತೋಟದಪ್ಪನವರ ವಿದ್ಯಾರ್ಥಿನಿಲಯ. 1930ರಲ್ಲಿ ಆ ಹುಡುಗ ಸಿದ್ಧಗಂಗಾ ಮಠಕ್ಕೆ ಉತ್ತರಾಧಿಕಾರಿಯಾಗಿ ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಬಡ ಮಕ್ಕಳಿಗೆ ಊಟ, ವಸತಿ, ಓದು ಕೊಡುವುದನ್ನೇ ಬದುಕು ಮಾಡಿಕೊಂಡರು. ಅವರ ಕಾಲದಲ್ಲಿ ಮಠದಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಬೆಳೆಯಿತು. ಅಲ್ಲಿ ಎಲ್ಲ ಜಾತಿ ಮತದ ಮಕ್ಕಳಿಗೂ ಬಾಗಿಲು ತೆರೆದಿತ್ತು.

ತೋಟದಪ್ಪನವರು ತಮ್ಮ ಸಮಾಜಕ್ಕೆಂದು ಹಾಕಿದ ಸೂರಿನಡಿ ಓದಿದವರು ಅದರ ಗೋಡೆಯನ್ನು ಇನ್ನಷ್ಟು ಅಗಲ ಮಾಡಿದರು. 10,000 ರೂಪಾಯಿಗೆ ಕೊಂಡ ಜಾಗ ಮುಂದೆ ಯಾರಿಗೆಲ್ಲ ಆಸರೆಯಾಗುತ್ತದೆ ಅಂತ 1897ರಲ್ಲಿ ಯಾವ ಖಾತೆ ಪುಸ್ತಕದಲ್ಲೂ ಬರೆದಿಡಲು ಆಗುತ್ತಿರಲಿಲ್ಲ.

ನಮ್ಮ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರದ ಪೇಟೆ ಬೀದಿಗಳಲ್ಲೂ ಗಳಿಸಿದವರಿಗೆ ಕಡಿಮೆಯಿಲ್ಲ. ಎರಡೂವರೆ ಎಕರೆ ಈಗ ಯಾರ ಕೈಗೂ ಸುಲಭಕ್ಕೆ ಎಟುಕದ ಮಾತು, ನಿಜ. ಆದರೆ ಪಟ್ಟಣಕ್ಕೆ ಓದಲು ಬರುವ ಹುಡುಗನ ಒಂದು ವರ್ಷದ ಬಾಡಿಗೆ, ಆಸ್ಪತ್ರೆ ಬಾಗಿಲಲ್ಲಿ ಮಲಗುವ ಮನೆಯವರಿಗೆ ಒಂದು ಕೋಣೆ, ಬಸ್ ನಿಲ್ದಾಣದಲ್ಲಿ ಕುಡಿಯಲು ಶುದ್ಧ ನೀರು, ಇಷ್ಟಕ್ಕೆ ಎರಡೂವರೆ ಎಕರೆ ಬೇಕಾಗಿಲ್ಲ. ಗುಬ್ಬಿಯ ವರ್ತಕರ ಹಾಗೆ ಜನ ಎಲ್ಲಿ ಇಳಿಯುತ್ತಾರೆ ಅಂತ ನೋಡುವ ಕಣ್ಣು ಬೇಕು, ತಮ್ಮ ನಂತರವೂ ಅದು ನಡೆಯುವಂತೆ ಲೆಕ್ಕ ಒಪ್ಪಿಸಿ ಹೋಗುವ ಮನಸ್ಸು ಬೇಕು.