ಕೈದಿಗೂ ಖಾತೆ ತೆರೆದ ಜೈಲಧಿಕಾರಿ

ಆಗಸ್ಟ್ 15, ಜನವರಿ 26 ಬಂತೆಂದರೆ ನಮ್ಮಂಥ ವರದಿಗಾರರಿಗೆ ಒಂದು ಖಾಯಂ ಸುದ್ದಿ. ಸನ್ನಡತೆಯ ಆಧಾರದ ಮೇಲೆ ಇಷ್ಟು ಮಂದಿ ಕೈದಿಗಳ ಬಿಡುಗಡೆ! ಜೈಲಿನ ಗೇಟಿನ ಹೊರಗೆ ನಿಂತು ನಾನೂ ನೋಡಿದ್ದೇನೆ. ಕೈಯಲ್ಲೊಂದು ಬಟ್ಟೆ ಚೀಲ, ಬಿಸಿಲಿಗೆ ಕಿರಿದು ಮಾಡಿದ ಕಣ್ಣು. ಕರೆದುಕೊಂಡು ಹೋಗಲು ಯಾರೂ ಬಾರದವನು ಮೊದಲು ಕೇಳೋದು ಬಸ್ ಸ್ಟ್ಯಾಂಡಿಗೆ ಯಾವ ಕಡೆ ಹೋಗಬೇಕು ಅಂತ.

ಅಂದರೆ ಓದುಗರೇ, ಅವನು ನಿಮ್ಮ ಪಕ್ಕದ ಸೀಟಿನಲ್ಲೇ ಕೂತು ಊರಿಗೆ ಹೋಗುತ್ತಾನೆ. ನಾಳೆ ನಿಮ್ಮ ಅಂಗಡಿಗೇ ಬಂದು ಮೂಟೆ ಹೊರುವ ಕೆಲಸ ಕೇಳುತ್ತಾನೆ. ಒಳಗಿದ್ದಾಗ ಅವನನ್ನು ಹೇಗೆ ನಡೆಸಿಕೊಂಡರು ಅನ್ನೋದು ಜೈಲಿನವರಿಗಷ್ಟೇ ಸೇರಿದ ಮಾತಲ್ಲ, ನಮಗೂ ನಿಮಗೂ ಸೇರಿದ್ದು.

ಇದನ್ನು 180 ವರ್ಷಗಳಿಗೂ ಹಿಂದೆ ಹೇಳಿದ ಒಬ್ಬ ಅಧಿಕಾರಿ ಇದ್ದ. ಬರೀ ಹೇಳಲಿಲ್ಲ, ಮಾಡಿ ತೋರಿಸಿದ. ಅದಕ್ಕೆ ಸಿಕ್ಕ ಬಹುಮಾನ? ಒಂದಲ್ಲ, ಮೂರು ಸಲ ಕೆಲಸದಿಂದ ವಜಾ! ಆತನ ಹೆಸರು ಅಲೆಕ್ಸಾಂಡರ್ ಮೆಕಾನಕಿ.

ತಾನೇ ಕೈದಿಯಾದ ನಾವಿಕ

ಮೆಕಾನಕಿ ಹುಟ್ಟಿದ್ದು 1787ರ ಫೆಬ್ರವರಿ 11ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬಂಧುಗಳ ಮನೆಯಲ್ಲಿ ಬೆಳೆದ ಹುಡುಗ 1803ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ. ಆಗ ಫ್ರಾನ್ಸಿನ ನೆಪೋಲಿಯನ್ ಜೊತೆ ಯುದ್ಧದ ಕಾಲ. 1811ರ ಡಿಸೆಂಬರ್‌ನಲ್ಲಿ ಈತನಿದ್ದ ಹಡಗು ಹಾಲೆಂಡಿನ ತೀರದಲ್ಲಿ ಸಿಕ್ಕಿಹಾಕಿಕೊಂಡಿತು. ಎಲ್ಲರೂ ಸೆರೆ. ಕೊರೆಯುವ ಚಳಿಯಲ್ಲಿ ಫ್ರಾನ್ಸಿನ ವರ್ಡನ್‌ವರೆಗೆ ನಡೆಸಿಕೊಂಡು ಹೋದರು. 1814ರಲ್ಲಿ ನೆಪೋಲಿಯನ್ ಪಟ್ಟ ಬಿಟ್ಟ ಮೇಲಷ್ಟೇ ಬಿಡುಗಡೆ.

ಬೀಗ ಹಾಕುವ ಕೈಗೆ ಗೊತ್ತಿಲ್ಲದ್ದು ಬೀಗದೊಳಗೆ ಕೂತವನಿಗೆ ಗೊತ್ತಿರುತ್ತೆ. ಮುಂದೆ ಜೈಲಧಿಕಾರಿಯಾದವರಲ್ಲಿ ಈ ಪಾಠ ಮೊದಲೇ ಕಲಿತಿದ್ದವರು ಕಡಿಮೆ.

ಯುದ್ಧ ಮುಗಿದ ಮೇಲೆ ಮೆಕಾನಕಿ ಪುಸ್ತಕದ ಕಡೆ ತಿರುಗಿದ. 1830ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಭೂಗೋಳ ಸಂಘಕ್ಕೆ ಮೊದಲ ಕಾರ್ಯದರ್ಶಿ. 1833ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಭೂಗೋಳದ ಮೊದಲ ಪ್ರೊಫೆಸರ್. ಅಲ್ಲೇ ಉಳಿದಿದ್ದರೆ ನಿಶ್ಚಿಂತೆ. ಆದರೆ ಸರ್ ಜಾನ್ ಫ್ರಾಂಕ್ಲಿನ್ ಎಂಬಾತ ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಅಂದರೆ ಇವತ್ತಿನ ಟಾಸ್ಮೇನಿಯಾಕ್ಕೆ, ಆಡಳಿತಾಧಿಕಾರಿಯಾಗಿ ಹೊರಟಾಗ ಮೆಕಾನಕಿ ಆತನ ಖಾಸಗಿ ಕಾರ್ಯದರ್ಶಿಯಾಗಿ ಹಡಗು ಹತ್ತಿದ.

ನಮ್ಮವರನ್ನು ಅಂಡಮಾನಿಗೆ ಕರಿನೀರಿನ ಶಿಕ್ಷೆಗೆ ಕಳಿಸುತ್ತಿದ್ದರಲ್ಲ, ಹಾಗೆ ಬ್ರಿಟಿಷರು ತಮ್ಮದೇ ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಹಾಕುತ್ತಿದ್ದ ಕಾಲ ಅದು. ಕೈದಿಯನ್ನು ಅಲ್ಲಿನ ಜಮೀನ್ದಾರರಿಗೆ ಜೀತಕ್ಕೆ ಒಪ್ಪಿಸುವುದು, ತಪ್ಪಿದರೆ ಚಾಟಿ ಏಟು. ಇದು ಗುಲಾಮಗಿರಿ, ಇದರಿಂದ ಕೈದಿಯೂ ಕೆಡುತ್ತಾನೆ, ಯಜಮಾನನೂ ಕೆಡುತ್ತಾನೆ ಎಂದು ಮೆಕಾನಕಿ ವರದಿ ಬರೆದ. ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಊರ ಜಮೀನ್ದಾರರು ಕೆಂಡವಾದರು. 1838ರಲ್ಲಿ ಫ್ರಾಂಕ್ಲಿನ್ ಆತನನ್ನು ಕೆಲಸದಿಂದ ತೆಗೆದ. ಇದು ಮೊದಲನೇ ಸಲ.

ಬದುಕಿದವರು ಅತ್ತ ದ್ವೀಪ

1840ರ ಮಾರ್ಚ್‌ನಲ್ಲಿ ಮೆಕಾನಕಿಗೆ ನಾರ್ಫೋಕ್ ದ್ವೀಪದ ಮುಖ್ಯಾಧಿಕಾರಿ ಕೆಲಸ ಸಿಕ್ತು. ಆಸ್ಟ್ರೇಲಿಯಾದ ಪೂರ್ವಕ್ಕೆ, ನಡುಸಮುದ್ರದಲ್ಲಿ, ಸುಮಾರು 35 ಚದರ ಕಿಲೋಮೀಟರಿನ ನೆಲ. ಶಿಕ್ಷೆಗೆ ಬಂದು ಅಲ್ಲೂ ಮತ್ತೆ ತಪ್ಪು ಮಾಡಿದವರನ್ನು ಎಸೆಯುವ ಜಾಗ. ಸಾವಿರಕ್ಕೂ ಹೆಚ್ಚು ಕೈದಿಗಳು. 1834ರಲ್ಲಿ ಅಲ್ಲೊಂದು ದಂಗೆಯಾಗಿತ್ತು. ಯಾರಿಗೆ ನೇಣು, ಯಾರಿಗೆ ಕ್ಷಮೆ ಎಂದು ಪಾದ್ರಿಯೊಬ್ಬ ಪಟ್ಟಿ ಓದಿದಾಗ, ನೇಣು ಖಾಯಂ ಆದವರು ಮಂಡಿಯೂರಿ ದೇವರಿಗೆ ಕೈ ಮುಗಿದರು. ಬದುಕಿ ಉಳಿದವರು ಅತ್ತರು! ಆ ದ್ವೀಪ ಹೇಗಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಅಲ್ಲಿ ಅಧಿಕಾರಿಗಳ ಕರ್ತವ್ಯ ಏನು? ತಲೆ ಎಣಿಸುವುದು. ಬೇಡಿ ತಟ್ಟಿ ನೋಡುವುದು. ಪಡಿ ತೂಗುವುದು. ಏಟು ಲೆಕ್ಕ ಹಾಕುವುದು. ಹಾಡು ಹೇಳಿದರೆ ಏಟು, ತಂಬಾಕಿನ ಚೂರು ಸಿಕ್ಕಿದರೆ ಏಟು. ಅಷ್ಟು ಮಾಡಿದರೆ ಸಂಬಳಕ್ಕೆ ಮೋಸ ಇಲ್ಲ.

ಮೆಕಾನಕಿ ಅದನ್ನೆಲ್ಲ ತಿರುಗಿಸಿಬಿಟ್ಟ. ಗಲ್ಲುಗಂಬ ಕೀಳಿಸಿದ. ತೋಟಕ್ಕೆ ತುಂಡು ಜಾಗ ಕೊಟ್ಟ. ಪುಸ್ತಕ, ವಾದ್ಯ ತರಿಸಿದ. ಸತ್ತ ಕೈದಿಗೂ ಹೆಸರು ಕೆತ್ತಿದ ಸಮಾಧಿ ಕಲ್ಲು ಇಡಲು ಬಿಟ್ಟ. ಕೈಯಲ್ಲಿ ಆಯುಧವಿಲ್ಲದೆ ಕೈದಿಗಳ ನಡುವೆ ಓಡಾಡಿದ.

ಎಲ್ಲಕ್ಕಿಂತ ಮುಖ್ಯ ಆತನ ಮಾರ್ಕಿನ ಪದ್ಧತಿ. ಅಂಗಡಿಯವರಿಗೆ ಇದು ತಟ್ಟನೆ ಅರ್ಥವಾಗುತ್ತೆ. ಕೈದಿ ಸಮಾಜಕ್ಕೆ ಸಾಲಗಾರ. ಆ ಸಾಲಕ್ಕೆ ವರ್ಷದ ಲೆಕ್ಕ ಬೇಡ, ದುಡಿಮೆಯ ಲೆಕ್ಕ ಇರಲಿ. ಏಳು ವರ್ಷದ ಶಿಕ್ಷೆಗೆ 6,000 ಮಾರ್ಕು, ಹತ್ತು ವರ್ಷಕ್ಕೆ 7,000, ಜೀವಾವಧಿಗೆ 8,000. ಕೆಲಸಕ್ಕೂ ನಡತೆಗೂ ದಿನಾ ಜಮಾ. ತಪ್ಪಿಗೆ ಖರ್ಚು. ಮೇಲೂಟ, ಸವಲತ್ತು ಬೇಕಾದರೂ ಅದೇ ಮಾರ್ಕು ಕೊಟ್ಟು ಕೊಳ್ಳಬೇಕು. ಸಾಲ ತೀರಿದ ದಿನ ಬಾಗಿಲು ತೆರೆಯಬೇಕು. ಆರಾರು ಮಂದಿಯ ಗುಂಪು ಮಾಡಿ, ಒಬ್ಬ ಕೆಟ್ಟರೆ ಆರೂ ಜನರ ಖಾತೆಗೆ ಖೋತಾ ಎಂಬ ನಿಯಮವೂ ಇತ್ತು. ಚಾಟಿ ಹಿಡಿಯುತ್ತಿದ್ದ ಅಧಿಕಾರಿ ಈಗ ಕಿರ್ದಿ ಪುಸ್ತಕ ಹಿಡಿಯಬೇಕಾಯ್ತು. ಅನೇಕರಿಗೆ ಅದು ಹಿಡಿಸಲಿಲ್ಲ.

1840ರ ಮೇ 25ರಂದು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಆಚರಣೆ. ಮೆಕಾನಕಿ ಜೈಲಿನ ಗೇಟು ತೆರೆಸಿದ. ಕೈದಿಗಳಿಗೆ ಹಬ್ಬದೂಟ, ನಾಟಕ, ಬಾಣಬಿರುಸು! ಸಂಜೆ ಕಹಳೆ ಊದಿದಾಗ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ವಾಪಸ್. ದ್ವೀಪದಲ್ಲಿ ಏನೂ ಆಗಲಿಲ್ಲ, ಗದ್ದಲವಾದದ್ದು ಸಿಡ್ನಿಯಲ್ಲಿ. ಕಳ್ಳರಿಗೆ ಹಬ್ಬ ಮಾಡ್ತಾನೆ ಅಂತ ಪತ್ರಿಕೆಗಳು ಆತನನ್ನು ಆಡಿಕೊಂಡವು.

ಚಾರ್ಲ್ಸ್ ಆಂಡರ್ಸನ್ ಎಂಬ ಕೈದಿಯ ಕಥೆ ಕೇಳಿ. ನೌಕಾಪಡೆಯ ಅನಾಥ ಹುಡುಗ. ಕಾಳಗದಲ್ಲಿ ತಲೆಗೆ ಪೆಟ್ಟು ಬಿದ್ದು ಬುದ್ಧಿ ಹಿಡಿತ ತಪ್ಪಿತ್ತು. ಸಿಡ್ನಿ ಬಂದರಿನಲ್ಲಿ ಆತನನ್ನು ಬಂಡೆಗೆ ಸರಪಳಿ ಹಾಕಿ ಕಟ್ಟಿದ್ದರು. ಜನ ದೋಣಿಯಲ್ಲಿ ಬಂದು ಪ್ರಾಣಿಗೆ ಎಸೆದಂತೆ ರೊಟ್ಟಿ ಎಸೆದು ಹೋಗುತ್ತಿದ್ದರು. ನಾರ್ಫೋಕಿಗೆ ಬಂದ ಈತನಿಗೆ ಮೆಕಾನಕಿ ವಹಿಸಿದ್ದು ಪಳಗದ ಎತ್ತುಗಳನ್ನು. ಬೇರೆ ಯಾರೂ ಮಧ್ಯೆ ಬರಬಾರದು ಅಂತ ತಾಕೀತು. ಎತ್ತುಗಳೂ ಪಳಗಿದವು, ಆಂಡರ್ಸನ್ನೂ ಪಳಗಿದ. ಆಮೇಲೆ ಗುಡ್ಡದ ಮೇಲೆ ಹಡಗುಗಳಿಗೆ ಸಂಕೇತ ತೋರುವ ಜವಾಬ್ದಾರಿ ಕೆಲಸ ಸಿಕ್ತು.

ಎಲ್ಲವೂ ಸರಿಹೋಯ್ತು ಅಂದರೆ ಸುಳ್ಳಾದೀತು. 1842ರ ಜೂನ್‌ನಲ್ಲಿ ಹನ್ನೆರಡು ಕೈದಿಗಳು ಒಂದು ಹಡಗು ಹಿಡಿದು ಓಡಲು ನೋಡಿದರು. ಹೆಣ ಬಿದ್ದವು. ಜೊತೆಗೆ ಮಾರ್ಕು ತುಂಬಿದವನ ಶಿಕ್ಷೆ ಕಡಿಮೆ ಮಾಡುವ ಅಧಿಕಾರವನ್ನೇ ಲಂಡನ್ ಕೊಟ್ಟಿರಲಿಲ್ಲ. ಅಂಗಡಿ ಇಡಲು ಹೇಳಿ ಗಲ್ಲಾಪೆಟ್ಟಿಗೆಯ ಬೀಗದಕೈ ಕೊಡದ ಹಾಗೆ! ಆದರೂ ಆತನ ಕೈಕೆಳಗಿದ್ದು ಬಿಡುಗಡೆಯಾದವರಲ್ಲಿ ಮತ್ತೆ ಶಿಕ್ಷೆಗೆ ಒಳಗಾದವರು ನೂರಕ್ಕೆ ಮೂರಕ್ಕಿಂತ ಕಡಿಮೆ ಎಂಬುದು ಆತನ ಲೆಕ್ಕ.

1843ರಲ್ಲಿ ಗವರ್ನರ್ ಜಾರ್ಜ್ ಗಿಪ್ಸ್ ತಿಳಿಸದೇ ಬಂದು ಇಳಿದ. ಕಂಡದ್ದನ್ನು ಮೆಚ್ಚಿಯೇ ವರದಿ ಬರೆದ. ಅದು ತಲುಪುವ ಮೊದಲೇ ಮೆಕಾನಕಿಯನ್ನು ವಾಪಸ್ ಕರೆಸಿಕೊಳ್ಳುವ ಆದೇಶ ಲಂಡನ್ ಬಿಟ್ಟಾಗಿತ್ತು! 1844ರಲ್ಲಿ ಆತ ಹೊರಟ. ಇದು ಎರಡನೇ ಸಲ.

ಆಮೇಲೆ ಬಂದವರು

ನಂತರ ಬಂದ ಮೇಜರ್ ಚೈಲ್ಡ್ಸ್ ಚಾಟಿ ಮತ್ತೆ ಕೈಗೆತ್ತಿಕೊಂಡ. 1846ರ ಜುಲೈ 1ರಂದು ಕೈದಿಗಳ ಅಡುಗೆ ಪಾತ್ರೆಗಳನ್ನು ಕಿತ್ತುಕೊಂಡ ಜಗಳ ದಂಗೆಯಾಗಿ ಸಿಬ್ಬಂದಿಯ ನಾಲ್ವರು ಸತ್ತರು. ಹನ್ನೆರಡು ಕೈದಿಗಳನ್ನು ನೇಣಿಗೆ ಹಾಕಿದರು. ಅದೇ ವರ್ಷ ಬಂದ ಜಾನ್ ಪ್ರೈಸ್ ಕ್ರೌರ್ಯಕ್ಕೆ ಹೆಸರಾದವನು. 1857ರಲ್ಲಿ ಮೆಲ್ಬರ್ನ್ ಹತ್ತಿರ ಕೈದಿಗಳೇ ಅವನನ್ನು ಹೊಡೆದು ಕೊಂದರು. ನಿರಾಯುಧನಾಗಿ ಓಡಾಡಿದ ಮೆಕಾನಕಿಯನ್ನು ಕೊಂದವರಿಲ್ಲ.

ಇಂಗ್ಲೆಂಡಿಗೆ ಮರಳಿದ ಮೆಕಾನಕಿಗೆ 1849ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನ ಅಧಿಕಾರ ಸಿಕ್ತು. ಮೆದು ಮನುಷ್ಯ ಅಂತ 1851ರಲ್ಲಿ ಮ್ಯಾಜಿಸ್ಟ್ರೇಟರು ತೆಗೆದುಹಾಕಿದರು. ಇದು ಮೂರನೇ ಸಲ. ಆ ಕುರ್ಚಿಗೆ ಬಂದವನು ಲೆಫ್ಟಿನೆಂಟ್ ಆಸ್ಟಿನ್. 1853ರ ಏಪ್ರಿಲ್‌ನಲ್ಲಿ ದನದ ಮಾಂಸ ಕದ್ದು ಜೈಲಿಗೆ ಬಂದಿದ್ದ ಎಡ್ವರ್ಡ್ ಆಂಡ್ರೂಸ್ ಎಂಬ 15 ವರ್ಷದ ಹುಡುಗ ಅಲ್ಲಿನ ಹಿಂಸೆ ತಾಳದೆ ನೇಣು ಹಾಕಿಕೊಂಡ. ದಿನಕ್ಕೆ ಹತ್ತು ಸಾವಿರ ಸುತ್ತು ಯಂತ್ರದ ಹಿಡಿ ತಿರುಗಿಸಬೇಕಿತ್ತು. ಆಗದಿದ್ದರೆ ಊಟ ಕಡಿತ. ವಿಚಾರಣೆ ನಡೆದು ಆಸ್ಟಿನ್ನೇ ಜೈಲು ಸೇರಿದ.

ಮೆಕಾನಕಿ 1860ರ ಅಕ್ಟೋಬರ್ 25ರಂದು ತೀರಿಕೊಂಡ. ಸೋತೇ ಸತ್ತ ಅನ್ನಬಹುದು. ಆದರೆ ಮಾರ್ಕಿನ ಪದ್ಧತಿ ಸಾಯಲಿಲ್ಲ. ಆತ ಬದುಕಿದ್ದಾಗಲೇ ಐರ್ಲೆಂಡಿನ ಜೈಲುಗಳು ಅದನ್ನು ಹಿಡಿದವು. ನಮ್ಮ ದೇಶಕ್ಕೆ ಬ್ರಿಟಿಷರು ಮಾಡಿದ 1894ರ ಬಂದೀಖಾನೆ ಕಾನೂನನ್ನೇ ನೋಡಿ. ಜೈಲರ್ ಜೈಲಿನಲ್ಲೇ ವಾಸವಿರಬೇಕು, ಕೈದಿಗೆ ಯಾವ ಸಾಮಾನನ್ನೂ ಮಾರಬಾರದು ಅಂತ ಅದರಲ್ಲಿದೆ. 30 ಛಡಿ ಏಟಿನವರೆಗೆ ಕೊಡಬಹುದು ಅಂತಲೂ ಇತ್ತು. ಅದೇ ಕಾನೂನಿನ ಇನ್ನೊಂದು ಮೂಲೆಯಲ್ಲಿ, ಮಾರ್ಕು ಕೊಟ್ಟು ಶಿಕ್ಷೆ ಕಡಿಮೆ ಮಾಡಲು ನಿಯಮ ರಚಿಸಬಹುದು ಎಂಬ ಸಣ್ಣ ಸಾಲೂ ಇತ್ತು. ಬೆಳಗಾವಿ, ಬಳ್ಳಾರಿ, ಮಂಗಳೂರಿನಂಥ ಬ್ರಿಟಿಷ್ ಆಡಳಿತದ ಊರುಗಳಿಗೂ ಆ ಕಾನೂನು ಬಂತು. ಆಸ್ಟ್ರೇಲಿಯಾ ತಡವಾಗಿ ನೆನೆಸಿಕೊಂಡಿತು. 2008ರಲ್ಲಿ ಕ್ಯಾನ್‌ಬೆರಾದಲ್ಲಿ ಉದ್ಘಾಟನೆಯಾದ ಜೈಲಿಗೆ ಆತನದೇ ಹೆಸರು.

ಬೀಗ ಹಾಕೋದು ಜೈಲಧಿಕಾರಿಯ ಅರ್ಧ ಕೆಲಸ. ಬೀಗ ತೆಗೆದಾಗ ಎಂಥವನು ಹೊರಗೆ ಬರ್ತಾನೆ ಅನ್ನೋದು ಉಳಿದರ್ಧ. ಮುಂದಿನ ಸಲ ಬಟ್ಟೆ ಚೀಲದವನೊಬ್ಬ ನಿಮ್ಮ ಅಂಗಡಿ ಮುಂದೆ ಕೆಲಸ ಕೇಳಿ ನಿಂತರೆ, ಒಂದು ಲೋಟ ನೀರು ಕೊಟ್ಟು ಮಾತಾಡಿಸಿ. ಜೈಲಿನ ಖಾತೆ ಅಲ್ಲಿಗೆ ಮುಗೀತು. ಅವನ ಹೊಸ ಖಾತೆ ತೆರೆಯೋರು ನಾವೇ ತಾನೆ?