ಚೆಂಡಿನೊಡನೆ ಬೆಳೆದ ಪೀಟ್ ಮರಾವಿಚ್

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಅಂಕ ಗಳಿಕೆಯನ್ನು ಒಂದು ವಿದ್ಯೆಯಂತೆ ಅಭ್ಯಸಿಸಿ ಸಿದ್ಧಿಸಿಕೊಂಡವರಲ್ಲಿ ಪೀಟ್ ಮರಾವಿಚ್ ಪ್ರಮುಖರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ವರ್ಷ, 83 ಪಂದ್ಯಗಳಲ್ಲಿ ಅವರು ಗಳಿಸಿದ ಅಂಕಗಳು 3,667. ಪಂದ್ಯವೊಂದಕ್ಕೆ ಸರಾಸರಿ 44.2. ಆದರೆ ಅವರ ಬದುಕು ಬರೀ ಅಂಕಿಸಂಖ್ಯೆಗಳ ಕಥೆಯಲ್ಲ. ತಂದೆಯ ಕನಸನ್ನು ಹೆಗಲ ಮೇಲೆ ಹೊತ್ತು ನಡೆದ ಮಗನೊಬ್ಬನ ಕಥೆಯೂ ಹೌದು.

ತಂದೆಯೇ ಗುರು

ಮರಾವಿಚ್ ಜನಿಸಿದ್ದು 1947ರ ಜೂನ್ 22ರಂದು, ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪ್ಪ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ತಂದೆ ಪ್ರೆಸ್ ಮರಾವಿಚ್ ವಲಸೆ ಬಂದ ಸರ್ಬ್ ಕುಟುಂಬದವರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ಚಾಲಕರಾಗಿದ್ದವರು. ಸ್ವತಃ ಆಟಗಾರರಾಗಿದ್ದ ಅವರು ಬಳಿಕ ತರಬೇತುದಾರರಾದರು. ಉಕ್ಕಿನ ಕುಲುಮೆಯ ದುಡಿಮೆಯಿಂದ ತಮ್ಮನ್ನು ಪಾರುಮಾಡಿದ ಆಟವನ್ನೇ ಅವರು ಮಗನ ಕೈಗಿತ್ತರು.

ಬಾಲಕನಿಗೆ ಚೆಂಡು ಆಟಿಕೆಯಾಗಿರಲಿಲ್ಲ, ಪಾಠವಾಗಿತ್ತು. ತಂದೆ ರೂಪಿಸಿದ ಕಸರತ್ತುಗಳು ಒಂದೆರಡಲ್ಲ. ಸೊಂಟದ ಸುತ್ತ, ಮೊಣಕಾಲಿನ ಸುತ್ತ ಚೆಂಡನ್ನು ಸುತ್ತಿಸಬೇಕು; ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೆಲಕ್ಕೆ ಪುಟಿಸಬೇಕು; ಸೈಕಲ್ ತುಳಿಯುತ್ತಲೂ ಪುಟಿಸಬೇಕು. ತಂದೆ ಕಾರು ಓಡಿಸುವಾಗ ಮಗ ಕಿಟಕಿಯಾಚೆ ಬಾಗಿ ರಸ್ತೆಯ ಮೇಲೆ ಚೆಂಡು ಪುಟಿಸುತ್ತಿದ್ದ. ಚಿತ್ರಮಂದಿರದಲ್ಲಿ ಕುಳಿತಾಗಲೂ ಸಾಲಿನ ತುದಿಯ ಆಸನವೇ ಬೇಕು, ಪಕ್ಕದ ಹಾದಿಯಲ್ಲಿ ಚೆಂಡು ಪುಟಿಸಲು. ರಾತ್ರಿ ನಿದ್ದೆಗೂ ಚೆಂಡೇ ಜೊತೆ.

ಈ ಅಭ್ಯಾಸದ ಹಿಂದೆ ಒಂದು ತರ್ಕವಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕ ಗಳಿಸಲು ಗುರಿ ಮಾತ್ರ ಸಾಲದು. ಎಸೆಯುವುದಕ್ಕೆ ಬೇಕಾದ ಕ್ಷಣಾರ್ಧದ ಬಿಡುವನ್ನು ಆಟಗಾರ ತಾನೇ ಸೃಷ್ಟಿಸಿಕೊಳ್ಳಬೇಕು. ಚೆಂಡನ್ನು ನೋಡದೆಯೇ ನಿಯಂತ್ರಿಸಬಲ್ಲವನ ಕಣ್ಣು ಎದುರಾಳಿಯ ಹೆಜ್ಜೆಯ ಮೇಲೂ ಬುಟ್ಟಿಯ ಮೇಲೂ ಇರಬಲ್ಲದು. ಆಗ ಎದುರಾಳಿ ತಪ್ಪು ಹೆಜ್ಜೆ ಇಟ್ಟೊಡನೆ ಆ ಬಿಡುವು ದೊರೆಯುತ್ತದೆ.

ಪುಟ್ಟ ಬಾಲಕನ ತೋಳುಗಳಿಗೆ ಹತ್ತು ಅಡಿ ಎತ್ತರದ ಬುಟ್ಟಿಗೆ ಚೆಂಡು ತಲುಪಿಸುವ ಕಸುವಿರಲಿಲ್ಲ. ಹಾಗಾಗಿ ಆತ ಸೊಂಟದ ಪಕ್ಕದಿಂದ, ಒರೆಯಿಂದ ಪಿಸ್ತೂಲು ಸೆಳೆದವನಂತೆ, ಚೆಂಡನ್ನು ಚಿಮ್ಮಿಸುತ್ತಿದ್ದ. ‘ಪಿಸ್ತೂಲ್ ಪೀಟ್’ ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ದೇಹ ಬೆಳೆದಂತೆ ಎಸೆತದ ರೀತಿ ಬದಲಾಯಿತು, ಹೆಸರು ಮಾತ್ರ ಉಳಿಯಿತು.

ಅಂಕಗಳ ಸುರಿಮಳೆ

1966ರಲ್ಲಿ ಪ್ರೆಸ್ ಅವರು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರರಾದಾಗ ಮಗನೂ ಅಲ್ಲಿಗೇ ಸೇರಿದ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬುದು ಅಂದಿನ ನಿಯಮ. ಆ ವರ್ಷ ಮುಖ್ಯ ತಂಡ 26 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 3. ಮರುವರ್ಷ ಪೀಟ್ ಕಣಕ್ಕಿಳಿದಾಗ ಗೆಲುವುಗಳ ಸಂಖ್ಯೆ 14ಕ್ಕೇರಿತು. ಜೋತುಬಿದ್ದ ಕಾಲುಚೀಲ, ಹಾರಾಡುವ ಕೂದಲು, ಬೆನ್ನ ಹಿಂದಿನಿಂದ ನೀಡುವ ಪಾಸ್‌ಗಳು ಪ್ರೇಕ್ಷಕರನ್ನು ಮರುಳು ಮಾಡಿದವು.

ಮೂರು ಋತುಗಳಲ್ಲಿ ಅವರ ಸರಾಸರಿ ಕ್ರಮವಾಗಿ 43.8, 44.2 ಮತ್ತು 44.5. 1970ರ ಫೆಬ್ರುವರಿಯಲ್ಲಿ ಅಲಬಾಮಾ ವಿರುದ್ಧ ಒಂದೇ ಪಂದ್ಯದಲ್ಲಿ 69 ಅಂಕ. ದೂರದ ಎಸೆತಕ್ಕೆ 3 ಅಂಕ ನೀಡುವ ನಿಯಮ ಆಗ ಅಲ್ಲಿನ ಕಾಲೇಜು ಆಟದಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಎಷ್ಟು ದೂರದಿಂದ ಎಸೆದರೂ ದಕ್ಕುತ್ತಿದ್ದುದು ಎರಡೇ ಅಂಕ.

ಈ ಸಾಧನೆಗೆ ಇನ್ನೊಂದು ಮುಖವೂ ಇದೆ. ಅವರು ಪಂದ್ಯವೊಂದಕ್ಕೆ ಸರಾಸರಿ 38 ಬಾರಿ ಬುಟ್ಟಿಯತ್ತ ಎಸೆಯುತ್ತಿದ್ದರು. ಅವುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 44ರಷ್ಟು. ತಂದೆಯ ತಂತ್ರವೇ ಮಗನ ಎಸೆತಗಳ ಮೇಲೆ ನಿಂತಿತ್ತು. ಆದರೆ ಅವರ ಕಾಲದಲ್ಲಿ ತಂಡ ಒಮ್ಮೆಯೂ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಟೂರ್ನಿಗೆ ಅರ್ಹತೆ ಪಡೆಯಲಿಲ್ಲ. ಒಬ್ಬನ ಅಂಕ ಹೆಚ್ಚಿದರೆ ತಂಡ ಗೆಲ್ಲುವುದೇ ಎಂಬ ಪ್ರಶ್ನೆ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

ಏಳುಬೀಳಿನ ಹಾದಿ

1970ರಲ್ಲಿ ವೃತ್ತಿಪರ ಲೀಗ್ ಎನ್‌ಬಿಎಯ ಅಟ್ಲಾಂಟ ಹಾಕ್ಸ್ ತಂಡ ಅವರನ್ನು ಭಾರಿ ಮೊತ್ತಕ್ಕೆ ಸೇರಿಸಿಕೊಂಡಿತು. ಹಿರಿಯ ಆಟಗಾರರಿಗೆ ಆ ಸಂಭಾವನೆ ಸಹಜವಾಗಿಯೇ ಇರಿಸುಮುರಿಸು ತಂದಿತು. 1974ರಲ್ಲಿ ಅವರು ಹೊಸ ತಂಡ ನ್ಯೂ ಆರ್ಲಿಯನ್ಸ್ ಜಾಝ್ ಸೇರಿದರು. ಅದೇ ವರ್ಷ ಮದ್ಯವ್ಯಸನದಿಂದ ನರಳುತ್ತಿದ್ದ ತಾಯಿ ಹೆಲೆನ್ ಆತ್ಮಹತ್ಯೆ ಮಾಡಿಕೊಂಡರು. ಪೀಟ್ ಅವರನ್ನೂ ಕುಡಿತ ಕಾಡಿತ್ತು.

ಇಷ್ಟರ ನಡುವೆಯೂ 1976–77ರ ಋತುವಿನಲ್ಲಿ ಪಂದ್ಯಕ್ಕೆ 31.1 ಅಂಕಗಳ ಸರಾಸರಿಯೊಂದಿಗೆ ಅವರು ಲೀಗ್‌ಗೇ ಮೊದಲಿಗರಾದರು. 1977ರ ಫೆಬ್ರುವರಿ 25ರಂದು ನ್ಯೂಯಾರ್ಕ್ ನಿಕ್ಸ್ ವಿರುದ್ಧ 68 ಅಂಕ ಕಲೆಹಾಕಿದರು. ಮರುವರ್ಷ ಮೊಣಕಾಲಿಗೆ ಬಿದ್ದ ಪೆಟ್ಟಿನಿಂದ ಅವರು ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. 1980ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಸೇರಿ, ಅದೇ ವರ್ಷ ನಿವೃತ್ತರಾದರು. ಮರುವರ್ಷವೇ ಸೆಲ್ಟಿಕ್ಸ್ ಚಾಂಪಿಯನ್ ಆದದ್ದು ವಿಧಿಯ ವ್ಯಂಗ್ಯ.

ಆಟ ಬಿಟ್ಟ ಬಳಿಕ ಅವರನ್ನು ಶೂನ್ಯ ಆವರಿಸಿತು. ಜನರಿಂದ ದೂರವಾದರು. ಯೋಗ, ಹಿಂದೂ ಚಿಂತನೆ, ಸಸ್ಯಾಹಾರಗಳಲ್ಲಿ ನೆಮ್ಮದಿ ಅರಸಿದರು. ಕೊನೆಗೆ 1982ರಲ್ಲಿ ಕ್ರೈಸ್ತ ಶ್ರದ್ಧೆಯತ್ತ ಹೊರಳಿದರು. ತಂದೆ ಕಲಿಸಿದ ಕಸರತ್ತುಗಳನ್ನು ವಿಡಿಯೊಗಳ ಮೂಲಕ, ಶಿಬಿರಗಳ ಮೂಲಕ ಮಕ್ಕಳಿಗೆ ಕಲಿಸತೊಡಗಿದರು. 1987ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನದ ಗೌರವ ಲಭಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ತಂದೆ ಪ್ರೆಸ್ ತೀರಿಕೊಂಡರು.

ಅಂಗಣದಲ್ಲೇ ಕೊನೆಯುಸಿರು

1988ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಗೆಳೆಯರೊಂದಿಗೆ ಆಡುತ್ತಿದ್ದಾಗ ಅವರು ಕುಸಿದುಬಿದ್ದು ಮೃತಪಟ್ಟರು. ಆಗ ಅವರ ವಯಸ್ಸು 40. ಮರಣೋತ್ತರ ಪರೀಕ್ಷೆ ಅಚ್ಚರಿಯ ಸತ್ಯವನ್ನು ಬಯಲಿಗೆಳೆಯಿತು. ಹೃದಯಕ್ಕೆ ರಕ್ತ ಪೂರೈಸುವ ಎಡ ಅಪಧಮನಿ ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಅಂಥ ಹೃದಯವನ್ನಿಟ್ಟುಕೊಂಡು ಹತ್ತು ವರ್ಷ ವೃತ್ತಿಪರ ಆಟ ಆಡಿ, ಅಲ್ಲಿ 15,948 ಅಂಕ ಗಳಿಸಿದ್ದು ವೈದ್ಯಲೋಕಕ್ಕೂ ವಿಸ್ಮಯ. 1996ರಲ್ಲಿ ಎನ್‌ಬಿಎ ತನ್ನ 50 ಶ್ರೇಷ್ಠ ಆಟಗಾರರನ್ನು ಹೆಸರಿಸಿದಾಗ ಆ ಪಟ್ಟಿಯಲ್ಲಿ ಅಂದು ಬದುಕಿರದಿದ್ದವರು ಅವರೊಬ್ಬರೇ.

2023ರಲ್ಲಿ ಆಂಟ್ವಾನ್ ಡೇವಿಸ್ ಎಂಬ ಆಟಗಾರ ಐದು ಋತು, 144 ಪಂದ್ಯಗಳನ್ನಾಡಿ 3,664ಕ್ಕೆ ತಲುಪಿ, ಮೂರೇ ಅಂಕಗಳಿಂದ ಮರಾವಿಚ್ ಅವರ ಕಾಲೇಜು ದಾಖಲೆಯನ್ನು ಸರಿಗಟ್ಟುವ ಅವಕಾಶ ಕಳೆದುಕೊಂಡರು. 2024ರಲ್ಲಿ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ನಾಲ್ಕು ಋತುಗಳಲ್ಲಿ ಆ ಮೊತ್ತವನ್ನು ಮೀರಿದರು. ಇಬ್ಬರಿಗೂ 3 ಅಂಕಗಳ ಎಸೆತದ ಅನುಕೂಲವಿತ್ತು.

ಮರಾವಿಚ್ ಅವರ ಬಾಲ್ಯದ ಬಹುಪಾಲು ಅಭ್ಯಾಸಕ್ಕೆ ಹೊಳೆಯುವ ಮರದ ಹಾಸಿನ ಅಂಗಣ ಬೇಕಿರಲಿಲ್ಲ. ಒಂದು ಚೆಂಡು, ತುಸು ಗಟ್ಟಿ ನೆಲ, ಬೇಸರಿಸದ ಮನಸ್ಸು ಇದ್ದರೆ ಸಾಕಿತ್ತು. ಬೆಂಗಳೂರಿನ ಬಡಾವಣೆಯಲ್ಲಿಯೂ ವಿಜಯಪುರ ಜಿಲ್ಲೆಯ ಮನಗೂಳಿಯ ಮನೆಯಂಗಳದಲ್ಲಿಯೂ ಮಗುವೊಂದು ಅದನ್ನು ಇಂದೇ ಆರಂಭಿಸಬಹುದು. ಆ ಮಗುವಿನ ಪಕ್ಕ ನಿಲ್ಲುವ ಹಿರಿಯರು ಮಾತ್ರ ಮರಾವಿಚ್ ಅವರ ಬದುಕಿನ ಎರಡನೆಯ ಪಾಠವನ್ನೂ ನೆನಪಿಡಬೇಕು. ಆಟವನ್ನು ಮಗುವಿಗೆ ಕಲಿಸಬಹುದು, ತಮ್ಮ ಕನಸಿನ ಭಾರವನ್ನು ಹೊರಿಸಬಾರದು.