ಬೆಳ್ಳಿ ಕೊಳವೆಯ ವೈದ್ಯ: ಇಬ್ನ್ ಝುಹರ್

ನಮ್ಮ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಲ್ಲಿ ಇಂದು ಎಂಡೋಸ್ಕೋಪಿ ಎಂಬುದು ಎಲ್ಲರಿಗೂ ಪರಿಚಿತವಾದ ಶಬ್ದ. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ, ಅನ್ನನಾಳದ ಒಳಭಾಗವನ್ನು ವೈದ್ಯರು ಪರದೆಯ ಮೇಲೆ ನೋಡುತ್ತಾರೆ. ಇಂತಹ ಕೊಳವೆ ಬರುವುದಕ್ಕೆ ಸುಮಾರು ಎಂಟುನೂರು ವರ್ಷ ಮೊದಲೇ ಅನ್ನನಾಳದ ರೋಗವನ್ನು ಸರಿಯಾಗಿ ಗುರುತಿಸಿ, ನುಂಗಲಾಗದ ರೋಗಿಗೆ ಕೊಳವೆಯ ಮೂಲಕ ಆಹಾರ ಕೊಡುವ ದಾರಿಯನ್ನು ಬರೆದಿಟ್ಟ ಮಹಾನ್ ವೈದ್ಯರೊಬ್ಬರಿದ್ದರು. ಅವರೇ ಇಬ್ನ್ ಝುಹರ್. ಯುರೋಪಿನವರು ಅವರನ್ನು ಅವೆನ್‌ಝೋರ್ ಎಂದು ಕರೆದರು.

ಮನೆತನ ಮತ್ತು ವಿದ್ಯಾಭ್ಯಾಸ

ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನ್ ಝುಹರ್ ಅವರು 1094ರ ಸುಮಾರಿಗೆ ಇಂದಿನ ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಜನಿಸಿದರು. ಅವರದು ತಲೆಮಾರುಗಳಿಂದ ವೈದ್ಯವೃತ್ತಿ ನಡೆಸಿಕೊಂಡು ಬಂದ ಮನೆತನ. ಧಾರ್ಮಿಕ ಶಿಕ್ಷಣ ಮತ್ತು ಅರಬಿ ಸಾಹಿತ್ಯದ ಅಭ್ಯಾಸದ ಜೊತೆಗೆ, ತಂದೆ ಅಬುಲ್ ಅಲಾ ಅವರಿಂದ ವೈದ್ಯಶಾಸ್ತ್ರವನ್ನು ಕಲಿತರು. ಆ ಕಾಲದ ಅನೇಕ ವಿದ್ವಾಂಸರು ತತ್ವಶಾಸ್ತ್ರ, ಖಗೋಳಶಾಸ್ತ್ರ ಮುಂತಾದ ಹಲವು ವಿಷಯಗಳಲ್ಲಿ ಗ್ರಂಥ ರಚಿಸುತ್ತಿದ್ದರು. ಆದರೆ ಇಬ್ನ್ ಝುಹರ್ ತಮ್ಮ ಬದುಕನ್ನು ವೈದ್ಯಕೀಯ ಒಂದಕ್ಕೇ ಮೀಸಲಿಟ್ಟರು.

ಅವರ ಜೀವನ ಸುಗಮವಾಗಿರಲಿಲ್ಲ. ಮುರಾಬಿತ್ ಅರಸರ ಸೇವೆಯಲ್ಲಿದ್ದ ಅವರು ಸುಲ್ತಾನ್ ಅಲೀ ಇಬ್ನ್ ಯೂಸುಫನ ಅವಕೃಪೆಗೆ ಗುರಿಯಾಗಿ ಮೊರಾಕ್ಕೋದ ಮರ್ರಾಕೇಶ್ ನಗರದಲ್ಲಿ ಸೆರೆವಾಸ ಅನುಭವಿಸಬೇಕಾಯಿತು. 1147ರಲ್ಲಿ ಆ ರಾಜ್ಯ ಪತನವಾದ ಮೇಲೆ ಮುವಹ್ಹಿದ್ ಅರಸ ಅಬ್ದುಲ್ ಮೂಮಿನ್ ಅವರನ್ನು ಆಸ್ಥಾನ ವೈದ್ಯರನ್ನಾಗಿ ಮಾಡಿಕೊಂಡನು.

ಅತ್ತೈಸೀರ್ ಗ್ರಂಥ

ಪ್ರಖ್ಯಾತ ದಾರ್ಶನಿಕ ಇಬ್ನ್ ರುಶ್ದ್ ಅವರು ಇಬ್ನ್ ಝುಹರರ ಆಪ್ತರು. ವೈದ್ಯಶಾಸ್ತ್ರದ ಮೂಲತತ್ವಗಳನ್ನು ಕುರಿತು ತಾವು ಬರೆದ ಕುಲ್ಲಿಯಾತ್ ಗ್ರಂಥಕ್ಕೆ ಪೂರಕವಾಗಿ ಒಂದೊಂದು ಅಂಗದ ರೋಗ ಮತ್ತು ಚಿಕಿತ್ಸೆಯನ್ನು ವಿವರಿಸುವ ಪುಸ್ತಕವೊಂದು ಬೇಕೆಂದು ಅವರು ಕೋರಿದರು. ಹೀಗೆ ಹುಟ್ಟಿದ್ದು ಅತ್ತೈಸೀರ್. 1280ರ ಸುಮಾರಿಗೆ ಇದು ಲ್ಯಾಟಿನ್ ಭಾಷೆಗೆ ಅನುವಾದವಾಯಿತು. 1490ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕೈಸೇರಿತು.

ಈ ಗ್ರಂಥದಲ್ಲಿ ಅನ್ನನಾಳದ ಕ್ಯಾನ್ಸರಿನ ವರ್ಣನೆ ಇದೆ. ಮೊದಲು ಸಣ್ಣಗೆ ನೋವು, ನುಂಗಲು ಸ್ವಲ್ಪ ತೊಂದರೆ. ದಿನ ಕಳೆದಂತೆ ತೊಂದರೆ ಹೆಚ್ಚುತ್ತಾ ಹೋಗಿ ಕೊನೆಗೆ ಏನೂ ಇಳಿಯದಾಗುತ್ತದೆ ಎಂದು ಅವರು ರೋಗದ ನಡೆಯನ್ನು ಗುರುತಿಸಿದರು. ಹಸಿವೆಯಿಂದ ಸೊರಗುವ ಇಂಥ ರೋಗಿಗೆ ಬೆಳ್ಳಿಯ ಕೊಳವೆಯನ್ನು ಅನ್ನನಾಳಕ್ಕೆ ಇಳಿಸಿ, ಹಾಲಿನಂತಹ ದ್ರವಾಹಾರವನ್ನು ಕೊಡಬೇಕೆಂದು ಸೂಚಿಸಿದರು. ಗುದದ್ವಾರದ ಮೂಲಕ ಪೋಷಕ ದ್ರವ ಕೊಡುವ ವಿಧಾನವನ್ನೂ ಬರೆದರು. ರೋಗವನ್ನು ಗುಣಪಡಿಸಲು ಆಗದಿದ್ದರೂ ರೋಗಿಯನ್ನು ಉಪವಾಸ ಕೆಡವಬಾರದೆಂಬ ಕಾಳಜಿ ಇದರಲ್ಲಿ ಕಾಣುತ್ತದೆ.

ಪರೀಕ್ಷಿಸಿ ನೋಡುವುದು ಅವರ ಸ್ವಭಾವವಾಗಿತ್ತು. ಶ್ವಾಸನಾಳವನ್ನು ಕೊಯ್ದರೆ ಗಾಯ ಮಾಯುವುದೇ ಎಂಬ ಸಂದೇಹ ಬಂದಾಗ ಅವರು ಒಂದು ಆಡಿನ ಮೇಲೆ ಆ ಶಸ್ತ್ರಕ್ರಿಯೆ ಮಾಡಿದರು. ಜೇನು ಬೆರೆಸಿದ ನೀರಿನಿಂದ ಗಾಯವನ್ನು ತೊಳೆಯುತ್ತಾ, ಅದು ಪೂರ್ತಿ ಮಾಯುವವರೆಗೂ ಕಾದು ನೋಡಿದರು.

ಬೆಳಕಿಗಾಗಿ ಕಾದ ಕೊಳವೆ

ಇಬ್ನ್ ಝುಹರರ ಬಳಿ ಕೊಳವೆ ಇತ್ತು, ಒಳಗೆ ನೋಡಲು ಬೆಳಕು ಇರಲಿಲ್ಲ. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಲ್ಲಿ ನೇರವಾದ ಲೋಹದ ಕೊಳವೆ ಇಳಿಸಿ ನೋಡಿದರು. ದೀಪದ ಬೆಳಕು ಸಾಲಲಿಲ್ಲ. 1957ರಲ್ಲಿ ಅಮೆರಿಕದಲ್ಲಿ ಹಿರ್ಶೊವಿಟ್ಜ್ ಅವರು ಗಾಜಿನ ಎಳೆಗಳಿಂದ ಮಾಡಿದ ಬಾಗುವ ಎಂಡೋಸ್ಕೋಪನ್ನು ಮೊದಲು ತಾವೇ ನುಂಗಿ ಪರೀಕ್ಷಿಸಿದರು. ನಮ್ಮ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದೂ ಅದೇ 1957ರಲ್ಲಿ.

ಇಂದು ಇದೇ ಕೊಳವೆಯ ಮೂಲಕ ಸಂದೇಹವಿದ್ದ ಜಾಗದಿಂದ ಚೂರು ಮಾಂಸ ತೆಗೆದು ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ಮಕ್ಕಳು ನುಂಗಿದ ನಾಣ್ಯ, ಗಂಟಲಲ್ಲಿ ಸಿಕ್ಕಿದ ಮೂಳೆ ಹೊರತೆಗೆಯುತ್ತಾರೆ. ಯಕೃತ್ತಿನ ರೋಗದಿಂದ ಉಬ್ಬಿ ರಕ್ತ ಸುರಿಸುವ ರಕ್ತನಾಳಗಳಿಗೆ ರಬ್ಬರ್ ಬಳೆ ಬಿಗಿಯುತ್ತಾರೆ. ಕಿರಿದಾದ ಅನ್ನನಾಳವನ್ನು ಬಲೂನಿನಿಂದ ಹಿಗ್ಗಿಸುತ್ತಾರೆ. ಕ್ಯಾನ್ಸರ್ ಗಡ್ಡೆಯಿಂದ ದಾರಿ ಮುಚ್ಚಿದವರಿಗೆ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆ ಇಡುತ್ತಾರೆ. ಬೆಳ್ಳಿ ಕೊಳವೆಯ ಹಿಂದಿದ್ದ ಉದ್ದೇಶವೇ ಇದರ ಹಿಂದೆಯೂ ಇದೆ.

ಆದರೂ ದುಃಖದ ಸಂಗತಿಯೆಂದರೆ, ಅನೇಕರು ಆಸ್ಪತ್ರೆಗೆ ಬರುವುದೇ ತಡವಾಗಿ. ಮೊದಲು ಜೋಳದ ರೊಟ್ಟಿ ಸಿಕ್ಕಿಕೊಳ್ಳುತ್ತದೆ. ರೊಟ್ಟಿ ಬಿಟ್ಟು ಅನ್ನ ಉಣ್ಣುತ್ತಾರೆ. ಅನ್ನವೂ ಇಳಿಯದಾದಾಗ ಗಂಜಿ ಕುಡಿಯುತ್ತಾರೆ. ನೀರೂ ಇಳಿಯದ ದಿನ ವೈದ್ಯರ ನೆನಪಾಗುತ್ತದೆ. ಇಬ್ನ್ ಝುಹರ್ ಬರೆದ ರೋಗದ ನಡೆ ಇದೇ ಅಲ್ಲವೇ? ಗುಟ್ಕಾ, ತಂಬಾಕು, ಬೀಡಿ, ಮದ್ಯ ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ರೊಟ್ಟಿ ಸಿಕ್ಕಿಕೊಳ್ಳುವಾಗಲೇ ಎಂಡೋಸ್ಕೋಪಿ ಮಾಡಿಸಿದರೆ ಚಿಕಿತ್ಸೆಗೆ ಅವಕಾಶ ಹೆಚ್ಚು. ಅದಕ್ಕೆ ಆರರಿಂದ ಎಂಟು ತಾಸು ಬರಿ ಹೊಟ್ಟೆಯಲ್ಲಿರಬೇಕು. ಪರೀಕ್ಷೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಕೊನೆಯ ದಿನಗಳು

ಇಬ್ನ್ ಝುಹರ್ 1162ರಲ್ಲಿ ಸೆವಿಲ್‌ನಲ್ಲಿ ನಿಧನರಾದರು. ಕೆಟ್ಟ ಗಡ್ಡೆಯೊಂದು ಅವರ ಸಾವಿಗೆ ಕಾರಣವಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಮಗ ಅಬೂ ಬಕ್ರ್ ಹೆಸರಾಂತ ವೈದ್ಯ ಮತ್ತು ಕವಿಯಾದರು. ಮಗಳು ಹಾಗೂ ಮೊಮ್ಮಗಳು ಸ್ತ್ರೀರೋಗ ಚಿಕಿತ್ಸೆಯಲ್ಲಿ ನಿಪುಣರಾಗಿ ಅರಮನೆಯ ಮಹಿಳೆಯರಿಗೆ ಔಷಧೋಪಚಾರ ಮಾಡಿದರು. ಒಂಬತ್ತು ಶತಮಾನಗಳ ಹಿಂದೆಯೇ ಆ ಮನೆಯಲ್ಲಿ ವಿದ್ಯೆ ಗಂಡುಮಕ್ಕಳಿಗಷ್ಟೇ ಸೀಮಿತವಾಗಿರಲಿಲ್ಲ.

ವಿಜ್ಞಾನ ಓದುತ್ತಿರುವ ನಮ್ಮ ವಿದ್ಯಾರ್ಥಿ ವಿದ್ಯಾರ್ಥಿನಿಯರು ಇಬ್ನ್ ಝುಹರರ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡರಷ್ಟೇ ಸಾಲದು. ರೋಗಿಯ ಮಾತನ್ನು ಗಮನವಿಟ್ಟು ಕೇಳುವ, ಸಂದೇಹ ಬಂದಾಗ ಪರೀಕ್ಷಿಸಿ ನೋಡುವ ಅವರ ಗುಣವನ್ನು ಮೈಗೂಡಿಸಿಕೊಳ್ಳಬೇಕು. ಮನೆಯ ಹಿರಿಯರು ಊಟಕ್ಕೆ ಕುಳಿತಾಗ ರೊಟ್ಟಿ ಇಳಿಯುತ್ತಿಲ್ಲವೆಂದು ತಟ್ಟೆ ಸರಿಸಿದರೆ, ಅದನ್ನು ಮೊದಲು ಗಮನಿಸುವವರು ನೀವೇ ಆಗಿರಿ.